ಚಿಕ್ಕಪ್ಪನ ಎರಡು ಸೀಟು

ನಮ್ಮ ಚಿಕ್ಕಪ್ಪ ಪ್ರಭುಲಿಂಗ ಊರಿನ ನೀರುಗಂಟಿ. ಹೊಳಲ್ಕೆರೆ ರಸ್ತೆಗೆ ಮುಖ ಮಾಡಿ ನಿಂತಿರುವ ನೀರಿನ ಟ್ಯಾಂಕಿನ ಬುಡದಲ್ಲಿ ಮೂರು ವಾಲ್ವ್‌ಗಳಿವೆ. ಒಂದು ಮೇಲಿನ ಕೇರಿಗೆ, ಒಂದು ಕೆಳಗಿನ ಕೇರಿಗೆ. ಮೂರನೆಯದು ಎಲ್ಲಿಗೆ ಎನ್ನುವುದು ಅದನ್ನು ಹಾಕಿಸಿದ ಇಂಜಿನಿಯರಿಗೇ ಮರೆತುಹೋಗಿದೆ. ಬೆಳಿಗ್ಗೆ ಇವನ್ನು ತಿರುಗಿಸುವುದು, ಮತ್ತೆ ಮುಚ್ಚುವುದು, ಇಷ್ಟೇ ಚಿಕ್ಕಪ್ಪನ ಉದ್ಯೋಗ. ಆದರೆ ವಾಲ್ವ್ ಎಂಬ ಮಾತು ಭೂಮಿಯ ಮೇಲೆ ಎಲ್ಲೇ ಕೇಳಿಬಂದರೂ ಅದು ತನ್ನ ಇಲಾಖೆಗೆ ಸೇರಿದ್ದು ಎಂದು ಅವನು ನಂಬಿದ್ದ. ಹೃದಯದ ವಾಲ್ವ್ ತೋರಿಸಲು ದಾವಣಗೆರೆಗೆ ಹೊರಟಿದ್ದ ಮಲ್ಲಕ್ಕನನ್ನು ಬಸ್‌ಸ್ಟಾಪಿನಲ್ಲಿ ನಿಲ್ಲಿಸಿ, "ಅಲ್ಲಕ್ಕಾ, ಮೊದ್ಲು ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ಬೇಸರ ಮಾಡಿಕೊಂಡವನು ಅವನು.

ಹೀಗಿರುವಾಗ ನಮ್ಮಕ್ಕ ಮಮತಾ ಬೈಕ್ ಓಡಿಸುವ ಹುಚ್ಚು ಹಿಡಿಸಿಕೊಂಡಳು. ಹೊಸದುರ್ಗದ ಕಡೆ ಮತ್ತೋಡಿನ ಬಯಲಿನಲ್ಲಿ ವರ್ಷಕ್ಕೊಮ್ಮೆ ಮಣ್ಣಿನ ಮೇಲೆ ಬೈಕ್ ಓಟ ನಡೆಯುತ್ತದೆ. ಅದರಲ್ಲಿ ಅವಳು ಓಡಿಸುವುದು, ಎಂಜಿನ್ ಚಿಕ್ಕಪ್ಪ ನೋಡಿಕೊಳ್ಳುವುದು ಎಂದಾಯಿತು. "ಎಂಜಿನ್ನಿನಾಗೆ ಏನೈತೆ? ಎರಡು ವಾಲ್ವು. ನಾನು ದಿನಾ ಮೂರು ತಿರುಗಿಸ್ತೀನಿ," ಎಂದು ಚಿಕ್ಕಪ್ಪ ಹಿತ್ತಲಿನ ಕುರಿ ಶೆಡ್ಡಿಗೆ ಸ್ಪ್ಯಾನರ್ ಸಮೇತ ಗೃಹಪ್ರವೇಶ ಮಾಡಿದ. ನಮ್ಮಜ್ಜಿ ಬರಗೇರಮ್ಮನ ಕುರಿಗಳು ಶೆಡ್ಡಿನಿಂದ ಪಡಸಾಲೆಗೆ ಬಂದವು. ಅಂದಿನಿಂದ ನಾವು ಊಟಕ್ಕೆ ಕೂತಾಗ ಒಂದು ಟಗರು ನಮ್ಮ ಹಿಂದೆ ನಿಂತು ಟಿ.ವಿ. ನೋಡುತ್ತಿತ್ತು. ಚಾನೆಲ್ ಬದಲಾಯಿಸಿದರೆ ಗುದ್ದುತ್ತಿತ್ತು.

ಹೋದ ವರ್ಷದ ಓಟದಲ್ಲಿ ಎಂಜಿನ್ ಅರ್ಧಕ್ಕೇ ಸಿಡಿಯಿತು. ಅಕ್ಕ ಬೈಕನ್ನು ತಳ್ಳಿಕೊಂಡು ಬಂದಳು. ಚಿಕ್ಕಪ್ಪ ಎಂಜಿನ್ನಿನ ಚೂರುಗಳನ್ನು ಹಾರ್ಲಿಕ್ಸ್ ಡಬ್ಬಿಯಲ್ಲಿ ತುಂಬಿಕೊಂಡು ಬಂದ. ಅಜ್ಜಿ ಅದನ್ನು ಅಲ್ಲಾಡಿಸಿ ನೋಡಿ ಮಗನಿಗೆ ಕೊನೆಯ ಮಾತು ಹೇಳಿದಳು.

"ಲೇ ಪ್ರಭಾ, ಮುಂದಿನ ಓಟದಾಗೆ ನಿನ್ನ ಎಂಜಿನ್ನು ಕೊನೇ ಸುತ್ತು ಮುಟ್ಟಿದ್ರೆ ಶೆಡ್ಡು ನಿಂದು. ಸಿಡೀತೋ, ಶೆಡ್ಡು ನನ್ನ ಕುರೀದು. ನೀನು ಬೇಕಾದ್ರೆ ಪಡಸಾಲೇಲಿ ಟಗರಿನ ಪಕ್ಕ ಕುಂತ್ಕ."

ಚಿಕ್ಕಪ್ಪನಿಗೆ ಪ್ರಪಂಚದಲ್ಲಿ ತನ್ನದು ಎನ್ನುವಂಥದ್ದು ಆ ಶೆಡ್ಡು ಒಂದೇ. ಅದಕ್ಕೆ ಬಾಗಿಲಿತ್ತು, ಒಳಗಿನಿಂದ ಚಿಲಕವಿತ್ತು, ಯಾರೂ ನೀರು ಕೇಳಿಕೊಂಡು ಅಲ್ಲಿಗೆ ಬರುತ್ತಿರಲಿಲ್ಲ. ಆ ಟಗರಿಗೂ ಅವನಿಗೂ ಸರಿಹೋಗುತ್ತಲೂ ಇರಲಿಲ್ಲ.

ಅಜ್ಜಿಯ ಕತೆ ಕೇಳಿ ಬೆಳೆದ ನನಗೆ ಎಂಜಿನ್ ಅರ್ಥವಾಗಲು ತಡವಾಗಲಿಲ್ಲ. ಅದೊಂದು ಕಬ್ಬಿಣದ ಅರಮನೆ. ಅದಕ್ಕೆ ಎರಡೇ ಬಾಗಿಲು: ಒಂದರಲ್ಲಿ ಗಾಳಿ, ಪೆಟ್ರೋಲು ಒಳಕ್ಕೆ, ಇನ್ನೊಂದರಲ್ಲಿ ಹೊಗೆ ಹೊರಕ್ಕೆ. ಒಳಗೆ ಪಿಸ್ಟನ್ ಎಂಬ ರಾಕ್ಷಸ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೂರು ಸಲ ನೆಗೆಯುತ್ತಾನೆ. ಅವನು ಮೇಲೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ಬಾಗಿಲಿಗೆ ಗುದ್ದುತ್ತಾನೆ. ಆ ಬಾಗಿಲೇ ವಾಲ್ವ್, ಅದರ ಅಗಲವಾದ ತುದಿಯೇ ಅದರ ತಲೆ. ಬಾಗಿಲು ಬಂದು ಕೂರುವ ಉಂಗುರದಂಥ ಹೊಸ್ತಿಲಿಗೆ ಸೀಟು ಎನ್ನುತ್ತಾರೆ. ಬಾಗಿಲು ಓಲಾಡದಂತೆ ಹಿಡಿದುಕೊಳ್ಳುವ ಕೊಳವೆಗೆ ಗೈಡು. ತಳ್ಳಿ ತೆರೆಯುವವನು ಫಾಲೋವರ್, ಎಳೆದು ಮುಚ್ಚುವವಳು ಸ್ಪ್ರಿಂಗು. ಈ ಹೆಸರುಗಳನ್ನು ದಯವಿಟ್ಟು ನೆನಪಿಡಿ. ಮುಂದೆ ನಡೆದದ್ದೆಲ್ಲ ನಮ್ಮೂರಿನವರಿಗೆ ಇವು ಗೊತ್ತಿಲ್ಲದ್ದರಿಂದ ನಡೆಯಿತು. ಗೊತ್ತಿದ್ದ ಚಿಕ್ಕಪ್ಪನಿಗೆ ಬೇರೆ ಏನೂ ಗೊತ್ತಿಲ್ಲದ್ದರಿಂದಲೂ ನಡೆಯಿತು ಅನ್ನಿ.

ಹಿರಿಯೂರಿನಲ್ಲಿ ಲೇತ್ ಇಟ್ಟುಕೊಂಡಿದ್ದ ಪ್ರದೀಪ್ ರೇಸ್ ಎಂಜಿನ್ ಬಲ್ಲವನು. ಚಿಕ್ಕಪ್ಪ ನನ್ನನ್ನು ಜೊತೆಗೆ ಕರಕೊಂಡು ಅವನಲ್ಲಿಗೆ ಹೋಗಿ, ಯಾವ ಬಾಗಿಲಿಗೆ ಯಾವ ಲೋಹ ಎಂದು ಒಂದು ಇಡೀ ಮಧ್ಯಾಹ್ನ ತಲೆ ತಿಂದ. ವಾಪಸು ಬರುವಾಗ ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಮತ್ತೊಂದು ಅನುಮಾನ ಬಂತು. ಫೋನ್ ಮಾಡಿದ. ಬಸ್ಸಿನ ಸದ್ದಿಗಿಂತ ಜೋರಾಗಿ ಮಾತಾಡದಿದ್ದರೆ ಹಿರಿಯೂರಿಗೆ ಕೇಳಿಸುವುದಿಲ್ಲ ಎಂದು ಅವನ ಲೆಕ್ಕ.

"ಪ್ರದೀಪಾ, ಎಲ್ಲಾನೂ ಟೈಟಾನಿಯಂನಾಗೇ ಮಾಡ್ಸಿಬಿಟ್ರೆ? ವಾಲ್ವೂ ಅದೇ, ಸೀಟೂ ಅದೇ?"

ಪ್ರದೀಪನ ದನಿ ಫೋನಿನಿಂದಲೇ ಸುಸ್ತಾಗಿ ಕೇಳಿಸುತ್ತಿತ್ತು. "ಅಣ್ಣಾ, ಮಧ್ಯಾಹ್ನದಿಂದ ಅದನ್ನೇ ಹೇಳ್ತಿದೀನಿ. ಟೈಟಾನಿಯಂ ಹಗುರ ಐತೆ, ಬೇಗ ಮುಚ್ಚತೈತೆ, ಸರಿ. ಆದ್ರೆ ಗಟ್ಟಿ ಸೀಟಿನ ಮೇಲೆ ಕೂರ್ಸಿದ್ರೆ ತಾನೂ ಸವೀತೈತೆ, ಸೀಟನ್ನೂ ತಿಂತೈತೆ. ಸೀಟು ತಾಮ್ರ ಬೆರೆಸಿದ್ದು, ಸ್ವಲ್ಪ ಮೆತ್ತಗಿರ್ಬೇಕು. ಗೈಡು ಕಂಚಿಂದು. ಹೊಗೆ ಹೋಗೋ ಕಡೆ ಸುಡೋದು ಜಾಸ್ತಿ, ಅಲ್ಲಿಗೆ ಒಳ್ಳೆ ಸ್ಟೀಲ್ ವಾಲ್ವೇ ಬಾಳಿಕೆ. ಫಾಲೋವರ್ ಮಾತ್ರ ಗಟ್ಟಿ ಇರ್ಬೇಕು, ಮೇಲೆ ಕರೀ ಲೇಪ."

"ಹಂಗಾರೆ ಕೇಳು!" ಚಿಕ್ಕಪ್ಪ ಎದ್ದೇ ನಿಂತ. "ಈ ಸಲ ನಾನು ಓಟಕ್ಕೆ ನಿಂತಂಗೇ! ಹಳೇ ಸೀಟು ಕಿತ್ತು ಬಿಸಾಕ್ತೀನಿ! ಗೈಡು ಲೂಸಾಗೈತೆ, ಬದ್ಲಾಯಿಸ್ತೀನಿ! ಫಾಲೋವರ್ಸು ಸವೆದು ಹೋಗವ್ರೆ, ಎಲ್ಲಾ ಹೊಸಬ್ರನ್ನ ಹಾಕ್ತೀನಿ!"

ವಸ್ತುಗಳನ್ನೂ ಮನುಷ್ಯರಂತೆ ಗೌರವದಿಂದ ಕರೆಯುವುದು ಚಿಕ್ಕಪ್ಪನ ಹಳೆಯ ಅಭ್ಯಾಸ. ಟ್ಯಾಂಕಿನ ಮೋಟಾರಿಗೆ ಅವನು ಬಹುವಚನದಲ್ಲೇ ಬೈಯುತ್ತಾನೆ.

ನಾನಾಗ ಕಿಟಕಿಯಿಂದ ದೂರದ ಜೋಗಿಮಟ್ಟಿ ಕಡೆಗಿನ ಬೆಟ್ಟಸಾಲನ್ನು ನೋಡುತ್ತ, ಅದು ಮಗ್ಗುಲಾಗಿ ಮಲಗಿರುವ ದೈತ್ಯ, ಈಗ ಎದ್ದರೆ ಮೊದಲು ಕಾಫಿ ಕೇಳುತ್ತಾನೋ ನೀರು ಕೇಳುತ್ತಾನೋ ಎಂದು ಯೋಚಿಸುತ್ತಿದ್ದೆ. ಆದ್ದರಿಂದ ಹಿಂದಿನ ಸೀಟಿನಲ್ಲಿ ನಮ್ಮೂರ ಪ್ರಸನ್ನಕುಮಾರ್ ಕೂತಿದ್ದನ್ನು ನೋಡಲಿಲ್ಲ.

ಪ್ರಸನ್ನಕುಮಾರ್ ಹುಟ್ಟಿದ್ದೇ ಯಾರಿಗಾದರೂ ಜೈ ಅನ್ನಲಿಕ್ಕೆ. ಅವನು ಜೈ ಅಂದವರೆಲ್ಲ ಒಬ್ಬರಾದ ಮೇಲೊಬ್ಬರು ಪಕ್ಷ ಬಿಟ್ಟುಹೋಗಿ, ಕೆಲವು ತಿಂಗಳಿಂದ ಅವನ ಗಂಟಲು ಖಾಲಿ ಇತ್ತು. ಬಸ್ಸಿನ ಗಡಗಡದಲ್ಲಿ 'ಓಟಕ್ಕೆ' ಎಂಬುದು ಅವನಿಗೆ 'ಓಟಿಗೆ' ಎಂದು ಕೇಳಿಸಿತು. ಓಟು, ಸೀಟು, ಗೈಡು, ಫಾಲೋವರ್ಸು! ಅವನ ಮೈ ನವಿರೆದ್ದಿತು.

ಇಷ್ಟಕ್ಕೂ ಅದೇ ತಿಂಗಳು ನಮ್ಮ ಕುರಿ ಸಾಕುವವರ ಸಂಘಕ್ಕೆ ಚುನಾವಣೆ. ನಮ್ಮೂರಿಗೆ ಇರುವುದು ಒಂದೇ ಡೈರೆಕ್ಟರ್ ಸೀಟು. ನಾನು ಹುಟ್ಟುವ ಮೊದಲಿನಿಂದಲೂ ಅದರ ಮೇಲೆ ಮೇಲಿನ ಕೇರಿಯ ಚಿತ್ರಲಿಂಗಪ್ಪನವರೇ ಕೂತಿದ್ದರು. ಅವರ ವಿರುದ್ಧ ನಿಲ್ಲುವ ಯೋಚನೆ ಈವರೆಗೆ ಯಾರಿಗೂ ಬಂದಿರಲಿಲ್ಲ. ಚಿಕ್ಕಪ್ಪನಿಗಂತೂ ಚುನಾವಣೆ ಇದೆ ಎನ್ನುವುದೇ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಟ್ಯಾಂಕಿನ ಬುಡದಲ್ಲಿ ಕೆಳಗಿನ ಕೇರಿಯ ವಾಲ್ವ್ ತಿರುಗಿಸಿ, ಸ್ಪ್ರಿಂಗಿಗೆ ಯಾವ ಉಕ್ಕು ಎಂದು ಯೋಚಿಸುತ್ತ ಹಾಗೇ ಮನೆಗೆ ಬಂದುಬಿಟ್ಟ. ಕೆಳಗಿನ ಕೇರಿಗೆ ಇಡೀ ದಿನ ನೀರು ಬಂತು. ಹೆಂಗಸರು ಬಿಂದಿಗೆ, ಬಕೆಟ್ಟು, ಡ್ರಮ್ಮು ತುಂಬಿಸಿ, ಎಮ್ಮೆ ತೊಳೆದು, ಅಂಗಳ ತೊಳೆದು, ಕೊನೆಗೆ ಇನ್ನೇನೂ ಉಳಿಯದೆ ಗಂಡಂದಿರನ್ನೂ ತೊಳೆದರು. ಮೇಲಿನ ಕೇರಿಯಲ್ಲಿ ನಲ್ಲಿಗಳು ಸೀಟಿ ಹೊಡೆದವು.

"ಹಿಂಗೆ ನೀರು ಬಿಟ್ಟೋನು ಸುಮ್ನೆ ಬಿಡ್ತಾನಾ?" ಎಂದಳು ಕೆಳಗಿನ ಕೇರಿಯ ರೇಣುಕಾ, ಒದ್ದೆ ಸೆರಗು ಹಿಂಡುತ್ತ.

"ಸುಮ್ನೆ ಅಲ್ಲಕ್ಕಾ, ನಿಂತವ್ನೆ," ಎಂದ ಪ್ರಸನ್ನಕುಮಾರ್.

ಸಂಜೆ ಹೊತ್ತಿಗೆ ನಮ್ಮ ಹಿತ್ತಲಿನಲ್ಲಿ ಜನ. ಚಿಕ್ಕಪ್ಪ ಅಜ್ಜಿಯ ಕಂಚಿನ ಗಂಗಾಳವನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದ. ಗೈಡಿಗೆ ಕಂಚು ಬೇಕೆಂದು ಅವನು ಅದರ ಕಡೆ ಬಹಳ ಹೊತ್ತು ನೋಡಿದ್ದರಿಂದ, ಅಜ್ಜಿ ಹಿಂದಿನ ರಾತ್ರಿ ಅದನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಜನ ಬಂದದ್ದು ನೋಡಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಊರಿಗೇ ಓಟದ ಮೇಲೆ ಆಸಕ್ತಿ ಹುಟ್ಟಿದೆ ಎಂದು ಕಣ್ಣಲ್ಲಿ ನೀರು ತಂದುಕೊಂಡ.

"ಅಣ್ಣಾ, ನಿಮ್ಮ ತತ್ವ ಏನು, ಒಂದು ಮಾತು ಹೇಳ್ರಿ," ಎಂದ ಪ್ರಸನ್ನಕುಮಾರ್.

ಚಿಕ್ಕಪ್ಪನ ಜನ್ಮದಲ್ಲಿ ಅವನ ತತ್ವವನ್ನು ಕೇಳಿದವರು ಇರಲಿಲ್ಲ. ಗಂಗಾಳ ಕೆಳಗಿಟ್ಟ.

"ತತ್ವ ಇಷ್ಟೇನಪ್ಪಾ. ಎಲ್ಲಾರೂ ಗಟ್ಟಿ ಇದ್ರೆ ಒಬ್ರಿಗೊಬ್ರು ತಿಂದ್ಕಂತಾರೆ. ಸೀಟು ಮೆತ್ತಗಿರ್ಬೇಕು. ಗೈಡು ಕಂಚಿನಂಗಿರ್ಬೇಕು. ಫಾಲೋವರ್ಸು ಗಟ್ಟಿ ಇರ್ಬೇಕು, ಮೇಲೆ ಕರ್ರಗಿರ್ಬೇಕು. ಇನ್ನು ಒಳಗೆ ತಗಳೋ ಕಡೆ ಇರೋನ ತಲೆ ಮಾತ್ರ ಆದಷ್ಟು ಹಗುರ ಇರ್ಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸತ್ಯವಾದ ಮಾತನ್ನು ಚುನಾವಣೆಗೆ ನಿಂತವರು ಹೇಳಿದ್ದನ್ನು ಅವರು ಕೇಳಿರಲಿಲ್ಲ.

"ಕರ್ರಗಿರೋರು ನಾವೇ ಅಲ್ಲೇನ್ರಲೇ!" ಎಂದು ಕುರಿ ಕಾದು ಬಿಸಿಲಿಗೆ ಬೆಂದ ಮರುಳಸಿದ್ದಪ್ಪ ಎದೆ ತಟ್ಟಿಕೊಂಡ. "ಬಿಸ್ಲಾಗೆ ಇರೋರಿಗೆ ಬೆಲೆ ಕೊಟ್ಟೋನು ನೀನೊಬ್ನೇ ನೋಡಪ್ಪಾ!"

"ಪ್ರಭುಲಿಂಗಣ್ಣನಿಗೆ..." ಎಂದ ಪ್ರಸನ್ನಕುಮಾರ್.

"ಜೈ!" ಎಂದು ಹಿತ್ತಲು ನಡುಗಿತು. ಟಗರು ಪಡಸಾಲೆಯಿಂದ ಹೊರಗೆ ಬಂದು ನೋಡಿ ಒಳಗೆ ಹೋಯಿತು.

ಆ ಗದ್ದಲದಲ್ಲೇ ಪ್ರಸನ್ನಕುಮಾರ್ ಒಂದು ಕಾಗದ ಮುಂದೆ ಹಿಡಿದು, "ಅಣ್ಣಾ, ಓಟಿನ ಅರ್ಜಿ, ಒಂದು ಸೈನು," ಎಂದ. ಚಿಕ್ಕಪ್ಪ ಅದನ್ನು ಮತ್ತೋಡಿನ ಓಟದ ಅರ್ಜಿ ಎಂದುಕೊಂಡು, ಓದದೆ, ಸಂತೋಷದಿಂದ, ಗ್ರೀಸ್ ಕೈಯಿಂದ ಸಹಿ ಹಾಕಿದ. ಹೆಬ್ಬೆಟ್ಟಿನ ಗುರುತೂ ಪುಕ್ಕಟೆ ಬಿತ್ತು.

ಗುರುವಾರ, ಪ್ರದೀಪ್ ಹೇಳಿದ ಕಡೆಯಿಂದ ಚಿಕ್ಕಪ್ಪ ತರಿಸಿದ್ದ ಕೊರಿಯರ್ ಬಂತು. ಒಂದು ಪುಟ್ಟ ಪೊಟ್ಟಣ. ಒಳಗೆ ಕೆಂಪಗೆ ಹೊಳೆಯುವ ಎರಡು ಲೋಹದ ಉಂಗುರ, ಐದು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ. ಇವೇ ಸೀಟು. ಏಳು ಕೋಟೆಯ ಒಳಗಿನ ಗಿಳಿಯ ಕಾಲುಂಗುರ ಹೀಗೇ ಇದ್ದಿರಬೇಕು ಎಂದುಕೊಂಡು ನಾನು ಬೆರಳಿಗೆ ಹಾಕಿ ನೋಡಿದೆ. ಚಿಕ್ಕಪ್ಪ ಕಿತ್ತುಕೊಂಡ.

"ಏನೋ ಅದು, ಒಡವೆನಾ?" ಎಂದಳು ಅಜ್ಜಿ. ಅವಳ ಮಡಿಲಲ್ಲಿ ಅವಳಿ ಕುರಿಮರಿಗಳಿದ್ದವು. ಎರಡಕ್ಕೂ ಜ್ವರ, ಮೈ ಸುಡುತ್ತಿತ್ತು.

"ಒಡವೆ ಅಲ್ಲವ್ವಾ. ತಾಮ್ರದ ಬೆರಕೆ. ಎಷ್ಟೇ ಸುಡ್ತಿರ್ಲಿ, ಇದನ್ನ ಹಾಕಿದ್ರೆ ಬಿಸೀನೆಲ್ಲಾ ಎಳ್ಕಂಡು ಬಿಡ್ತೈತೆ. ಬಡಿತನೂ ತಡೀತೈತೆ."

"ಹೌದಾ?" ಎಂದಳು ಅಜ್ಜಿ, ಮರಿಗಳ ತಲೆ ಸವರುತ್ತ.

ಇದಾದ ಮರುದಿನವೇ ಚಿತ್ರಲಿಂಗಪ್ಪನವರು ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ತುಟಿಯಲ್ಲಿ ಬೀಡಿ. ಮೇಲಿನ ಕೇರಿಯ ನಲ್ಲಿ ಒಣಗಿ, ಕೆಳಗಿನ ಕೇರಿಯ ಜೈಕಾರ ಕೇಳಿ, ಅವರ ಮೀಸೆ ಸ್ವಲ್ಪ ಕೆಳಕ್ಕೆ ಬಂದಿತ್ತು. ಅವರ ತಮ್ಮನ ಮಗ ರವೀಂದ್ರ ಮತ್ತೋಡಿನಲ್ಲಿ ನಮ್ಮಕ್ಕನ ವಿರುದ್ಧ ಬೈಕ್ ಓಡಿಸುವವನು. ಆದ್ದರಿಂದ ಅವರನ್ನು ನೋಡಿದ ಕೂಡಲೇ ಚಿಕ್ಕಪ್ಪ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತ.

"ಬರ್ರಿ ಯಜಮಾನ್ರೇ, ಕುಂತ್ಕಳ್ರಿ."

"ಕೂರಾಕೇ ಬಿಡಲ್ಲ ಅಂತೀಯಲ್ಲೋ ನೀನು! ಸುತ್ತಿ ಬಳಸಿ ಮಾತು ಬ್ಯಾಡ ಪ್ರಭು. ನಾನು ಸೀಟಿನ ವಿಷ್ಯಕ್ಕೆ ಬಂದೀನಿ."

ಚಿಕ್ಕಪ್ಪನ ಅನುಮಾನ ನಿಜವಾಯಿತು. "ಸೀಟು ನನ್ನತ್ರ ಬಂದೈತೆ ಅಂತ ನಿಮಗ್ಯಾರು ಹೇಳಿದ್ರು?"

"ಬಂದೇಬಿಟ್ಟೈತಾ? ಇನ್ನೂ ಓಟೇ ಆಗಿಲ್ಲ!"

"ಓಟಕ್ಕೆ ಮೊದ್ಲೇ ಬರ್ಬೇಕಲ್ರಿ. ಶನಿವಾರ ಕೂರ್ಸೋದು. ಹಿರಿಯೂರಿನ ಪ್ರದೀಪ ಕೂರ್ಸ್ತಾನೆ."

"ಹಿರಿಯೂರಿನೋರು?" ಚಿತ್ರಲಿಂಗಪ್ಪನವರ ಬೀಡಿ ನಡುಗಿತು. ಪರತಾಲ್ಲೂಕಿನ ಕೈವಾಡವನ್ನು ಅವರು ಎಣಿಸಿರಲಿಲ್ಲ. "ಹೆಂಗೆ ಕೂರ್ಸ್ತಾರಂತೆ?"

"ಸುತ್ತ ಬಿಸಿ ಮಾಡಿ, ಮೇಲಿಂದ ಹೊಡ್ದು ಕೂರ್ಸ್ತಾರೆ. ಒಂದ್ಸಲ ಕೂತ್ರೆ ಮತ್ತೆ ಯಾರಪ್ಪನ ಕೈಲೂ ಎಬ್ಬಿಸಾಕಾಗಲ್ಲ."

"ನೋಡು, ಹಟ ಬ್ಯಾಡ. ಸೀಟು ನಂಗೆ ಬಿಟ್ಕೊಡು. ಏನ್ ಬೇಕು ಕೇಳು."

"ಬೇಕಾದ್ರೆ ಹಳೇ ಸೀಟು ನೀವೇ ಇಟ್ಕಳ್ರಿ," ಎಂದ ಚಿಕ್ಕಪ್ಪ ಉದಾರವಾಗಿ. "ಅದನ್ನ ಯಾರು ಕೇಳ್ತಾರೆ? ಬಡ್ಕಂಡು ಬಡ್ಕಂಡು ಗುಂಡಿ ಬಿದ್ದೈತೆ. ಇತ್ಲಾಗೆ ಗಾಳಿ ಹಿಡಿಯಲ್ಲ, ಅತ್ಲಾಗೆ ಬೆಂಕಿ ತಡಿಯಲ್ಲ. ಗುಜರಿಗೆ ಹಾಕ್ರಿ."

"ಇಷ್ಟು ವರ್ಷ ನಾನು ಕೂತಿದ್ದ ಸೀಟಿಗೆ ಹಿಂಗಂತೀಯಾ?"

ಇವರು ಯಾವಾಗ ಅದರ ಮೇಲೆ ಕೂತರು ಎಂದು ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ವಯಸ್ಸಾದವರು, ಹೋಗಲಿ ಎಂದು ದನಿ ತಗ್ಗಿಸಿದ. "ಯಜಮಾನ್ರೇ, ನಂದು ನಂಗೆ. ಹೋದ ವರ್ಷ ಏನಾಯ್ತು ಅಂತ ನಿಮಗೇ ಗೊತ್ತಲ್ಲ. ಓಡ್ತಾ ಓಡ್ತಾ ತಲೆ ಮುರಿದು ಒಳಗೇ ಬಿತ್ತು. ಚೂರು ಚೂರು. ಎಲ್ಲಾ ಆರ್ಸಿ ಹಾರ್ಲಿಕ್ಸ್ ಡಬ್ಬಿಗೆ ತುಂಬ್ಕಂಡು ಬಂದೆ. ಒಳಗೈತೆ, ತೋರಿಸ್ಲಾ?"

"ಯಾ... ಯಾರ ತಲೆನೋ?"

"ಇನ್ಯಾರ್ದು? ಹೊಗೆ ಬಿಡೋನ್ದು. ಯಾವಾಗ್ಲೂ ಹೊಗೆ ಬಿಡೋನ ತಲೇನೇ ಮೊದ್ಲು ಹೋಗೋದು. ಅವನಿಗೆ ಕಾವು ಜಾಸ್ತಿ."

ಚಿತ್ರಲಿಂಗಪ್ಪನವರು ತುಟಿಯ ಬೀಡಿ ತೆಗೆದು, ಕಾಲ ಕೆಳಗೆ ಹಾಕಿ, ಒಂದು ಸಲ ತುಳಿದು, ಸಮಾಧಾನವಾಗದೆ ಇನ್ನೊಂದು ಸಲ ತುಳಿದರು.

"ಈ ಸಲ ಯಾರ ತಲೇನೂ ಹೋಗದಂಗೆ ನೋಡ್ಕಂತೀನಿ ಬಿಡ್ರಿ," ಎಂದು ಚಿಕ್ಕಪ್ಪ ಧೈರ್ಯ ಹೇಳಿದ. "ಗ್ಯಾರಂಟಿ ಮಾತ್ರ ಕೊಡಾಕಾಗಲ್ಲ."

ಅವರು ಹೋದ ವೇಗಕ್ಕೆ ಪಂಚೆಯಲ್ಲಿ ಗಾಳಿ ತುಂಬಿತ್ತು. ಒಂದು ಚಪ್ಪಲಿ ನಮ್ಮ ಅಂಗಳದಲ್ಲೇ ಉಳಿಯಿತು.

ಶನಿವಾರ ಮಧ್ಯಾಹ್ನ ಎಂಜಿನ್ ತಲೆಯನ್ನು, ಅಂದರೆ ಸೀಟು ಕೂರುವ ಮೇಲಿನ ಭಾಗವನ್ನು, ಹಿರಿಯೂರಿಗೆ ಒಯ್ಯಲು ಚಿಕ್ಕಪ್ಪ ಸಿದ್ಧನಾದ. ಪೊಟ್ಟಣ ಬಿಚ್ಚಿದ. ಖಾಲಿ.

ಶೆಡ್ಡನ್ನು ಬುಡಮೇಲು ಮಾಡಿದ. ಗಂಗಾಳದ ಕೆಳಗೆ ನೋಡಿದ. ನನ್ನ ಬೆರಳು ನೋಡಿದ. ಟಗರಿನ ಬಾಯಿ ತೆರೆಸಿ ನೋಡಲು ಹೋಗಿ ಗುದ್ದಿಸಿಕೊಂಡ. ಆಮೇಲೆ ಅವನ ಕಣ್ಣು ಅಂಗಳದಲ್ಲಿದ್ದ ಆ ಒಂದು ಚಪ್ಪಲಿಯ ಮೇಲೆ ಬಿತ್ತು. ನಾಳೆ ಓಟ. ಸೀಟಿಲ್ಲದೆ ಎಂಜಿನ್ ಇಲ್ಲ. ಎಂಜಿನ್ ಇಲ್ಲದೆ ಶೆಡ್ಡು ಇಲ್ಲ. ಚಪ್ಪಲಿ ಎತ್ತಿಕೊಂಡು ಬೀದಿಗೆ ಓಡಿದ.

"ಅಯ್ಯಯ್ಯೋ, ಕದ್ದವ್ರೆ! ನನ್ನ ಎರಡೂ ಸೀಟು ಕದ್ದವ್ರೆ! ಚಿತ್ರಲಿಂಗಪ್ಪ ನನ್ನ ಸೀಟು ಕದ್ದವ್ರೆ!"

ಕೆಳಗಿನ ಕೇರಿ ಎದ್ದು ನಿಂತಿತು. ಬಿಸಿಲಿಗೆ ಬೆಂದವರೆಲ್ಲ ಕೋಲು ಹಿಡಿದು ಬಂದರು. ಮೆರವಣಿಗೆ ಹೋಗಿ ನಿಂತದ್ದು ಕುರಿ ಸಂಘದ ಆಫೀಸಿನ ಮುಂದೆ. ಚಿತ್ರಲಿಂಗಪ್ಪನವರು ಅಲ್ಲೇ ಇದ್ದರು. ಚಿತ್ರದುರ್ಗದಿಂದ ಬಂದಿದ್ದ ಚುನಾವಣಾಧಿಕಾರಿ ಹನುಮಂತಯ್ಯ ಮೇಜಿನ ಹಿಂದೆ ಕೂತು, ನಿಯಮ ಪುಸ್ತಕವನ್ನು ಬೀಸಣಿಗೆ ಮಾಡಿಕೊಂಡಿದ್ದರು.

"ಏನ್ರೀ ದೂರು?" ಎಂದರು ಹನುಮಂತಯ್ಯ.

"ನನ್ನ ಎರಡು ಸೀಟು ಕಳ್ಳತನ ಆಗೈತೆ ಸಾ!"

"ಎರಡು ಹೇ‌ಗಾಗುತ್ತೆ? ಈ ಊರಿಗೆ ನಿಯಮದ ಪ್ರಕಾರ ಒಂದೇ ಸೀಟು."

"ಒಂದು ಒಳಗೆ ತಗಳಾಕೆ, ಒಂದು ಹೊರಗೆ ಬಿಡಾಕೆ ಸಾ. ಎರಡು ಬೇಕೇ ಬೇಕು."

"ಒಳಗೆ ತಗೊಳ್ಳೋ ವಿಷ್ಯ ಎಲ್ಲರ ಮುಂದೆ ಮಾತಾಡ್ಬೇಡ್ರೀ!" ಹನುಮಂತಯ್ಯ ಗಾಬರಿಯಿಂದ ಸುತ್ತ ನೋಡಿದರು. "ಎಲ್ಲಿಂದ ಬಂದವು ಅವು?"

"ಕೊರಿಯರ್‌ನಾಗೆ ಬಂದ್ವು ಸಾ."

"ಸೀಟು ಕೊರಿಯರ್‌ನಲ್ಲಿ ಕಳಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ!"

ಚಿತ್ರಲಿಂಗಪ್ಪನವರು ಕೈಮುಗಿದರು. "ನಾನು ಕದ್ದಿಲ್ಲಪ್ಪಾ! ನಿನ್ನ ದಮ್ಮಯ್ಯ, ಇದ್ದಿದ್ದನ್ನೂ ಬಿಟ್ಟುಬಿಟ್ಟೀನಿ! ಬೀಡೀನೂ ಬಿಟ್ಟೀನಿ!"

"ಕೊಡ್ರಿ ಅಂದ್ರೆ ಕೊಡ್ರಿ ಅಷ್ಟೇ! ಓಟ ನಾಳೆ ಐತೆ!"

"ಓಟು ನಾಳೆ ಅಲ್ರೀ, ಮುಂದಿನ ವಾರ," ಎಂದರು ಹನುಮಂತಯ್ಯ.

ಕೋಲುಗಳು ಮೇಲೇಳುತ್ತಿದ್ದವು. ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ಸರಿಸುತ್ತ ಅಜ್ಜಿ ಬಂದಳು. ಎರಡು ಕಂಕುಳಲ್ಲೂ ಒಂದೊಂದು ಕುರಿಮರಿ. ಎರಡರ ಕೊರಳಲ್ಲೂ ಕೆಂಪು ದಾರ. ದಾರದಲ್ಲಿ ಒಂದೊಂದು ತಾಮ್ರದ ಉಂಗುರ.

"ಯಾಕೋ ಊರೆಲ್ಲಾ ಎಬ್ಸೀಯಾ? ಮರಿ ಬೆದರ್ತಾವೆ."

ಚಿಕ್ಕಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಅವನ ಸ್ಪ್ರಿಂಗೇ ಕೈಕೊಟ್ಟಿತ್ತು.

"ಅವ್ವಾ... ನನ್ನ ಸೀಟು..."

"ನೀನೇ ಅಂದ್ಯಲ್ಲೋ, ಎಷ್ಟೇ ಸುಡ್ಲಿ, ಬಿಸಿ ಎಳ್ಕಂತೈತೆ ಅಂತ. ಮರಿಗಳ ಮೈ ಕೆಂಡ ಆಗಿತ್ತು. ಕಟ್ದೆ. ನೋಡು, ಮುಟ್ಟಿ ನೋಡು, ತಣ್ಣಗವೆ."

ಎಲ್ಲರೂ ಮುಟ್ಟಿ ನೋಡಿದರು. ಹನುಮಂತಯ್ಯನವರೂ ಎದ್ದು ಬಂದು ಮುಟ್ಟಿ, ತಣ್ಣಗಿದೆ ಎಂದು ಒಪ್ಪಿದರು. ಚಿಕ್ಕಪ್ಪ ದಾರ ಬಿಚ್ಚಿ ಉಂಗುರಗಳನ್ನು ಕಣ್ಣಿಗೊತ್ತಿಕೊಂಡು, ಬೈಕು, ಎಂಜಿನ್ನು, ಎರಡು ಬಾಗಿಲು, ಹೊಸ್ತಿಲು ಎಲ್ಲವನ್ನೂ ವಿವರಿಸಿದ. ಮೊದಲು ನಕ್ಕವರು ಚಿತ್ರಲಿಂಗಪ್ಪನವರು. ಅವರು ನಗುತ್ತ ನಗುತ್ತ ಗೋಡೆಗೆ ಒರಗಿದರು.

"ಹಂಗಾರೆ ನೀನು ಎಲೆಕ್ಷನ್ನಿಗೆ ನಿಂತಿಲ್ವೇನೋ?"

"ಎಲೆಕ್ಷನ್ನಾ? ಯಾವ್ದು ಯಜಮಾನ್ರೇ?"

ಚಿತ್ರಲಿಂಗಪ್ಪನವರ ನಗು ಅಲ್ಲೇ ನಿಂತಿತು. ತಿರುಗಿ ಹನುಮಂತಯ್ಯನವರನ್ನು ನೋಡಿದರು. "ಸ್ವಾಮಿ, ಬೆಳಿಗ್ಗೆ ನಾನು ನಾಮಪತ್ರ ವಾಪಸ್ ತಗಂಡೆನಲ್ಲ, ಅದನ್ನ ವಾಪಸ್ ತಗಳಾಕೆ ಬರ್ತೈತಾ?"

ಹನುಮಂತಯ್ಯ ಗಡಿಯಾರ ನೋಡಿದರು. ಪುಸ್ತಕ ನೋಡಿದರು. ಗ್ರೀಸ್ ಹೆಬ್ಬೆಟ್ಟಿದ್ದ ಅರ್ಜಿ ನೋಡಿದರು.

"ವಾಪಸ್ ತಗೊಂಡಿದ್ದನ್ನು ವಾಪಸ್ ತಗೊಳ್ಳೋಕೆ ಅವಕಾಶ ಇಲ್ಲ. ಹೊತ್ತೂ ಮೀರಿದೆ. ಕಣದಲ್ಲಿ ಉಳಿದಿರೋರು ಒಬ್ಬರೇ. ಪ್ರಭುಲಿಂಗ ಅನ್ನೋರು ಅವಿರೋಧವಾಗಿ..."

"ನಂಗ್ಬ್ಯಾಡ ಸಾ! ನಂಗೆ ಹಿರಿಯೂರು ಬಸ್ಸೈತೆ!"

ಮುಂದಿನದು ಜೈಕಾರದಲ್ಲಿ ಮುಳುಗಿತು. ಹಾರ ಹಾಕಿಸಿಕೊಂಡೇ ಚಿಕ್ಕಪ್ಪ ಬಸ್ಸಿಗೆ ಓಡಿದ. ಆ ಸಂಜೆ ಪ್ರದೀಪ್ ಎಂಜಿನ್ ತಲೆ ಕಾಯಿಸಿ ಎರಡೂ ಸೀಟು ಕೂರಿಸಿದ. ಒಂದು ಸೀಟಿಗೆ ಕುರಿಯ ಕೂದಲು ಅಂಟಿತ್ತಂತೆ. ಇದು ಯಾವ ಮೆಟೀರಿಯಲ್ ಅಂತ ಕೇಳಿದನಂತೆ.

ಭಾನುವಾರ ಮತ್ತೋಡಿನ ಬಯಲು. ಎರಡು ಟೆಂಪೋ ತುಂಬ ನಮ್ಮೂರು ಬಂದಿತ್ತು. ಚಿತ್ರಲಿಂಗಪ್ಪನವರೂ ಬಂದಿದ್ದರು, ರವೀಂದ್ರನ ಕಡೆಯಿಂದ, ಬೀಡಿ ಇಲ್ಲದೆ. ಅಜ್ಜಿ ಮರಿಗಳನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಶೆಡ್ಡಿನ ತೀರ್ಪು ಕೊಡುವವಳು ಅವಳೇ ತಾನೆ. ಬೆಳಿಗ್ಗೆಯಿಂದ ಜನ ಚಿಕ್ಕಪ್ಪನಿಗೆ ಹಾರ ಹಾಕುತ್ತಲೇ ಇದ್ದರು. ಅವನು ಒಂದು ಕೈಯಲ್ಲಿ ಹಾರ ತೆಗೆಯುತ್ತ ಇನ್ನೊಂದು ಕೈಯಲ್ಲಿ ಬೋಲ್ಟು ಬಿಗಿಯುತ್ತಿದ್ದ.

ಓಟ ಶುರುವಾಯಿತು. ಅಕ್ಕ ಎಂಜಿನ್ನನ್ನು ಕಿರುಚಿಸಿದಳು. ನಾನು ಕಣ್ಣು ಮುಚ್ಚಿದೆ. ಕಬ್ಬಿಣದ ಅರಮನೆಯ ಬಾಗಿಲುಗಳು ತೆರೆದು, ಮುಚ್ಚಿ, ತೆರೆದು, ಮುಚ್ಚಿ, ಅದು ಬಾಗಿಲ ಸದ್ದಲ್ಲ, ಒಂದೇ ಎಳೆಯ ಹಾಡು. ರಾಕ್ಷಸ ನೆಗೆದಾಗೆಲ್ಲ ಬಾಗಿಲು ಮುಚ್ಚಿತ್ತು. ತಾಮ್ರದ ಹೊಸ್ತಿಲು ಪ್ರತಿ ಬಡಿತಕ್ಕೂ 'ಇರಲಿ ಬಾ' ಎಂದು ಮೈಕೊಡುತ್ತಿತ್ತು. ಹೋದ ವರ್ಷ ಸಿಡಿದ ತಿರುವು ಬಂತು. ಚಿಕ್ಕಪ್ಪ ಕೊರಳ ಹಾರದ ಚೆಂಡುಹೂವು ಕಿತ್ತು ತಿಂದ. ತಿರುವು ದಾಟಿತು.

ಕೊನೆಯ ಸುತ್ತಿನಲ್ಲಿ ಬೈಕು ಒಂದು ದಿಣ್ಣೆ ಹಾರಿತು. ಅದರಿಂದ ಕಪ್ಪಗಿನದೇನೋ ಬೇರ್ಪಟ್ಟು ಆಕಾಶಕ್ಕೆ ಏರಿ, ಬಿದ್ದು, ಉರುಳಿತು.

"ಸೀಟು ಹೋಯ್ತು!" ಎಂದು ಪ್ರಸನ್ನಕುಮಾರ್ ಕಿರುಚಿದ.

"ಹೋಯ್ತಾ?" ಚಿತ್ರಲಿಂಗಪ್ಪನವರು ಚಂಗನೆ ಎದ್ದರು. "ಮರುಚುನಾವಣೆನಾ?"

"ಸಾಧ್ಯ ಇಲ್ಲ! ಹೊಡ್ದು ಕೂರ್ಸಿದ್ದು!" ಎಂದು ಚಿಕ್ಕಪ್ಪ ಎದೆ ಹಿಡಿದುಕೊಂಡ.

ಬಿದ್ದದ್ದು ಎಂಜಿನ್ ಒಳಗಿನ ಸೀಟಲ್ಲ, ಅಕ್ಕ ಕೂರುವ ಸೀಟು. ಹಾರಗಳ ಗಡಿಬಿಡಿಯಲ್ಲಿ ಅದರ ಬೋಲ್ಟು ಹಾಕುವುದನ್ನು ಚಿಕ್ಕಪ್ಪ ಮರೆತಿದ್ದ. ಕೂರಲು ಜಾಗವಿಲ್ಲದೆ ಅಕ್ಕ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಹಿಂದೆ ಯಾರು ಬರುತ್ತಿದ್ದಾರೆಂದು ನೋಡದೆ, ಒಳಗೊಳಗೇ ಚಿಕ್ಕಪ್ಪನಿಗೆ ಬೈಯುತ್ತ ಗೆರೆ ದಾಟಿದಳು. ರವೀಂದ್ರ ಮೊದಲು, ಅಕ್ಕ ಎರಡನೆಯವಳು. ಆದರೆ ಎಂಜಿನ್ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು, ಇನ್ನೂ ಗುಡುಗುತ್ತಿತ್ತು.

"ಮುಟ್ತಲ್ಲವ್ವಾ!" ಚಿಕ್ಕಪ್ಪ ಅಜ್ಜಿಯ ಮುಂದೆ ಕುಣಿದ.

"ಮುಟ್ತು ಬಿಡು. ಶೆಡ್ಡು ನಿಂದು," ಎಂದಳು ಅಜ್ಜಿ. ಅವಳು ಮಾತು ತಪ್ಪುವವಳಲ್ಲ.

"ಚಿಕ್ಕಪ್ಪಾ," ಎಂದಳು ಅಕ್ಕ ಹೆಲ್ಮೆಟ್ ತೆಗೆದು, "ನಾನು ಕೂರೋ ಸೀಟಿಗೆ ಯಾವ ಮೆಟೀರಿಯಲ್ ಅಂತ ಯೋಚ್ನೆ ಮಾಡಿದ್ಯಾ?"

ಸೋಮವಾರ ಬೆಳಿಗ್ಗೆ ಚಿಕ್ಕಪ್ಪ ತನ್ನ ಶೆಡ್ಡಿಗೆ ರಾಜನಂತೆ ಹೋದ. ಬಾಗಿಲು ಆಗಲೇ ತೆರೆದಿತ್ತು. ಒಳಗೆ ಪ್ರಸನ್ನಕುಮಾರ್ ಬೆಂಚು ಹಾಕಿಸಿದ್ದ. ಕುರಿ ಸಾಲದವರು, ಕುರಿ ಔಷಧಿಯವರು, ನಲ್ಲಿ ಬರದ ಮೇಲಿನ ಕೇರಿಯವರು, ಮೂರನೇ ವಾಲ್ವ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಬಂದ ಚಿತ್ರಲಿಂಗಪ್ಪನವರು. ಜಾಗ ಸಾಲದೆ ಎಂಜಿನ್ನನ್ನು ಹೊರಗಿಟ್ಟಿದ್ದರು. ಈಗ ಅದು ನಮ್ಮ ಪಡಸಾಲೆಯಲ್ಲಿದೆ. ಟಗರು ಅದಕ್ಕೆ ಒರಗಿಕೊಂಡು ಟಿ.ವಿ. ನೋಡುತ್ತದೆ.

ಮೊದಲ ಮೀಟಿಂಗಿಗೆ ಹೊರಟ ಚಿಕ್ಕಪ್ಪನ ಕೈಗೆ ಅಜ್ಜಿ ಒಂದು ದಪ್ಪನೆಯ ಮೆತ್ತೆ ಕೊಟ್ಟಳು. ಉಣ್ಣೆ ತುಂಬಿ, ಕಂಬಳಿ ತುಂಡು ಹೊದಿಸಿ, ನಾಲ್ಕು ಮೂಲೆಗೂ ಕೆಂಪು ದಾರ ಬಿಟ್ಟು ಹೊಲಿದದ್ದು. ಅಂಥದೇ ಇನ್ನೊಂದನ್ನು ಅಕ್ಕನ ಬೈಕಿಗೆ ಆಗಲೇ ಬಿಗಿದಿದ್ದಳು.

"ಇದ್ಯಾಕವ್ವಾ?"

"ಸೀಟು ಮೆತ್ತಗಿದ್ರೆ ಬಾಳಿಕೆ ಅಂದಿದ್ಯಲ್ಲೋ. ತಗಂಡೋಗಿ ಕುರ್ಚಿಗೆ ಕಟ್ಕ. ನಾನು ಹೊಲಿದ ದಾರ ನಿನ್ನ ಬೋಲ್ಟಿನಂಗಲ್ಲ. ಓಟಕ್ಕಾದ್ರೂ ಆಗ್ಲಿ, ಓಟಿಗಾದ್ರೂ ಆಗ್ಲಿ, ಈ ಸೀಟು ಬೀಳಲ್ಲ."